ಸಾಲ ಯಾರದು, ಜಮೆ ಯಾರಿಗೆ?

ನಮ್ಮ ಅಮ್ಮ ತೀರಿಕೊಂಡದ್ದು 2023ರ ಜನವರಿಯಲ್ಲಿ. 90 ತುಂಬಲು ಇನ್ನೆರಡು ತಿಂಗಳಿತ್ತು. ಹದಿಮೂರು ದಿನದ ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮಾಟುಂಗದ ಸಣ್ಣ ಸಭಾಂಗಣವೊಂದರಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಸಭೆ ಕರೆದವರು ನಾವಲ್ಲ, ಅಮ್ಮ 26 ವರ್ಷ ಕೆಲಸ ಮಾಡಿದ ಕನ್ನಡ ರಾತ್ರಿ ಶಾಲೆಯ ಹಳೆಯ ವಿದ್ಯಾರ್ಥಿಗಳು. ನೂರರ ಹತ್ತಿರ ಜನ ಸೇರಿದ್ದರು. ಹೆಚ್ಚಿನವರು ತಲೆ ನರೆತವರು. ಕೆಲವರಿಗೆ ಮೆಟ್ಟಿಲು ಹತ್ತಲು ಮೊಮ್ಮಕ್ಕಳ ಕೈ ಬೇಕಿತ್ತು.

ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡಿದರು. ಠಾಣೆಯಲ್ಲಿ ಎರಡು ಹೋಟೆಲು ಇಟ್ಟವರು, ಮಹಾನಗರಪಾಲಿಕೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು, ಚಾರ್ಟರ್ಡ್ ಅಕೌಂಟೆಂಟ್ ಆದವರು. ಅವರಲ್ಲೊಬ್ಬರು ಕಣ್ಣೊರೆಸಿಕೊಳ್ಳುತ್ತ ಹೇಳಿದರು: "ಅಕ್ಕ ತನ್ನ ಸ್ವಂತ ಮಕ್ಕಳನ್ನೂ ಲೆಕ್ಕಿಸದೆ ನಮಗಾಗಿ ದುಡಿದರು." ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಪಕ್ಕದಲ್ಲಿ ಕೂತಿದ್ದ ತಂಗಿ ಮಾತ್ರ ಆಡಿಸಲಿಲ್ಲ. ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು: "ಅಣ್ಣ, ಅದು ಹೊಗಳಿಕೆಯಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಎಂ.ಕಾಂ. ಓದಿ, 1980ರಿಂದ 2018ರವರೆಗೆ 38 ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು, ಲೆಕ್ಕ ತಪಾಸಿಸಿದವನು ನಾನು. ಆದರೂ 'ಲೆಕ್ಕಿಸದೆ' ಅನ್ನುವ ಶಬ್ದದೊಳಗೆ ಒಂದು ಲೆಕ್ಕ ಕೂತಿದೆ, ಅದರಲ್ಲಿ ನಮ್ಮಿಬ್ಬರ ಹೆಸರಿದೆ ಅಂತ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಈ ಬರಹ ತಂಗಿಯ ಆ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ, ಅಷ್ಟೆ.

*

ಊರಿನಲ್ಲಿರುವ ಓದುಗರಿಗೆ ರಾತ್ರಿ ಶಾಲೆಯ ವಿಷಯ ಸ್ವಲ್ಪ ಹೇಳಬೇಕು. ಮುಂಬಯಿ ಕನ್ನಡಿಗರು ಅಂದ ಕೂಡಲೇ ನಿಮಗೆ ನೆನಪಾಗುವುದು ಉಡುಪಿ ಹೋಟೆಲು, ಮಳೆಗಾಲದಲ್ಲಿ ಬರುವ ಯಕ್ಷಗಾನ ಮೇಳ, 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ. ಸಂಘಗಳಿಗೆ ಸಭಾಂಗಣ ಇತ್ತು, ನಾಟಕ ಇತ್ತು, ಪತ್ರಿಕೆಯಲ್ಲಿ ಫೋಟೋ ಬರುತ್ತಿತ್ತು. ರಾತ್ರಿ ಶಾಲೆಗಳಿಗೆ ಇದ್ದದ್ದು ಬೇರೆ ಯಾರದೋ ಹಗಲು ಶಾಲೆಯ ಬೆಂಚುಗಳು, ಮಂಕಾದ ನಾಲ್ಕು ಬಲ್ಬುಗಳು, ಮತ್ತು ಹೋಟೆಲಿನಿಂದ ಓಡಿ ಬರುವ ಮಾಣಿಗಳು.

ಕುಂದಾಪುರ, ಉಡುಪಿ, ಕಾರ್ಕಳ ಕಡೆಯಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಯಾರದೋ ಕೈ ಹಿಡಿದು ಬೊಂಬಾಯಿಗೆ ಬರುತ್ತಿದ್ದರು. ಮೊದಲು ಮೋರಿಯಲ್ಲಿ ಕಪ್ಪು ಬಶಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲೈ. ಮಲಗುವುದು ಹೋಟೆಲಿನ ಟೇಬಲ್ ಮೇಲೆ, ಇಲ್ಲವೇ ಅಟ್ಟದಲ್ಲಿ. ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕಿಡಬಾರದು ಎಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ಇದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಊರಿನ ಬಡತನದಿಂದ ತಪ್ಪಿಸಿಕೊಂಡು ಮಗ ಎರಡು ಹೊತ್ತು ಊಟ ಮಾಡಿದ ಅಂತ ತಾಯಂದಿರು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಆ ಹುಡುಗರಿಗೆ ಅಕ್ಷರದ ದಾರಿ ಉಳಿಸಿದ್ದು ಸಂಜೆ ಆರೂವರೆಯಿಂದ ಒಂಬತ್ತೂವರೆವರೆಗೆ ನಡೆಯುತ್ತಿದ್ದ ರಾತ್ರಿ ಶಾಲೆಗಳು.

ಅಮ್ಮ 1965ರಲ್ಲಿ ಫೋರ್ಟ್ ಕಡೆಯ ಅಂಥ ಒಂದು ಶಾಲೆಯ ಕಚೇರಿಗೆ ಸೇರಿದಳು. ಕಾಗದದ ಮೇಲೆ ಅವಳು ಗುಮಾಸ್ತೆ. ನಿಜವಾದ ಗೌರವ ಕಾರ್ಯದರ್ಶಿ ಯಾರೋ ಉದ್ಯಮಿ. ತಿಂಗಳಿಗೊಮ್ಮೆ ಬಂದು, ಅಮ್ಮ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿ ಹೋಗುತ್ತಿದ್ದರು. ಹುಡುಗರು ಅಮ್ಮನನ್ನೇ ಸೆಕ್ರೆಟರಿ ಅಂದುಕೊಂಡಿದ್ದರು. 'ಸೆಕ್ರೆಟರಿ ಅಕ್ಕ' ಅಂತ ಕರೆದರು. ಮುಂದೆ ಅವರ ಮಕ್ಕಳು 'ಸೆಕ್ರೆಟರಿ ಅಜ್ಜಿ' ಅಂದರು. ಅಮ್ಮ ತಿದ್ದಲು ಹೋಗಲಿಲ್ಲ. ಆ ಒಂದು ಬಡ್ತಿಯಾದರೂ ಪುಕ್ಕಟೆ ಸಿಕ್ಕಿತಲ್ಲ ಅಂತ ನಗುತ್ತಿದ್ದಳು.

ಕೆಲಸವೇನು ಅಂತ ಕೇಳಿದರೆ ಹೇಳುವುದು ಕಷ್ಟ. ಜನರಲ್ ರಿಜಿಸ್ಟರ್ ಬರೆಯುವುದು, ಹಾಜರಿ, ಫೀಸು, ಲೀವಿಂಗ್ ಸರ್ಟಿಫಿಕೇಟು, ಎಸ್.ಎಸ್.ಸಿ. ಬೋರ್ಡಿನ ಫಾರಂ, ಇವು ಅಧಿಕೃತ ಕೆಲಸಗಳು. ಉಳಿದವು ಯಾವ ಪುಸ್ತಕದಲ್ಲೂ ಇಲ್ಲ. ಊರಿನ ಶಾಲೆಯ ಹೆಡ್ಮಾಸ್ತರರಿಗೆ ಮೂರು ಮೂರು ಕಾಗದ ಬರೆದು ಹುಡುಗನ ಟಿ.ಸಿ. ತರಿಸುವುದು. ಅವನ ತಾಯಿಗೆ ಕಾರ್ಡು ಬರೆಯುವುದು. ಓದಲು ಬಾರದ ಆ ತಾಯಿಗೆ ಪೋಸ್ಟಮ್ಯಾನೇ ಓದಿ ಹೇಳಬೇಕು ಅನ್ನುವುದನ್ನು ನೆನಪಿಟ್ಟು, ಅಕ್ಷರ ದೊಡ್ಡದಾಗಿ, ವಾಕ್ಯ ಚಿಕ್ಕದಾಗಿ ಬರೆಯುವುದು. ಎಲ್ಲಕ್ಕಿಂತ ಕಷ್ಟದ್ದು, ಹೋಟೆಲ್ ಮಾಲೀಕರ ಗಲ್ಲಾದ ಮುಂದೆ ಹೋಗಿ ನಿಲ್ಲುವುದು. ಸಂಜೆ ಆರು ಗಂಟೆ ಅಂದರೆ ಆಫೀಸು ಬಿಟ್ಟ ಜನ ತಿಂಡಿಗೆ ನುಗ್ಗುವ ಹೊತ್ತು. "ಮಾಣಿಯನ್ನು ಆರು ಗಂಟೆಗೆ ಬಿಡಿ" ಅಂದರೆ ಯಾವ ಮಾಲೀಕನಿಗೆ ಸಂತೋಷವಾಗುತ್ತದೆ? ಅಮ್ಮ ಜಗಳ ಮಾಡುತ್ತಿರಲಿಲ್ಲ. ಒಂದು ಕಾಫಿ ತರಿಸಿಕೊಂಡು, ದುಡ್ಡು ಕೊಟ್ಟು, ಹುಡುಗ ಕೈ ಒರೆಸಿಕೊಂಡು ಹೊರಡುವ ತನಕ ಅಲ್ಲೇ ಕೂತಿರುತ್ತಿದ್ದಳು. ಆ ಕಾಫಿಗಳ ಖರ್ಚೂ ಯಾವ ಪುಸ್ತಕದಲ್ಲೂ ಇಲ್ಲ.

*

ಈಗ ಮನೆಯ ಕಡೆ ಬರೋಣ. ನಾವಿದ್ದದ್ದು ಡೊಂಬಿವಲಿಯ ಒಂದು ಚಾಳಿನಲ್ಲಿ, ಒಂದೂವರೆ ಖೋಲಿ. ಅಪ್ಪನಿಗೆ ಪರೇಲಿನ ಬಟ್ಟೆ ಮಿಲ್ಲಿನಲ್ಲಿ ಪಾಳಿ ಕೆಲಸ. ಅಮ್ಮ ಮಧ್ಯಾಹ್ನ ಎರಡೂವರೆಗೆ ಲೋಕಲ್ ಹಿಡಿಯಲು ಹೊರಟರೆ ತಿರುಗಿ ಬರುವಾಗ ರಾತ್ರಿ ಹನ್ನೊಂದೂಕಾಲು. ಅಂದರೆ ನಾನೂ ತಂಗಿಯೂ ಶಾಲೆಯಿಂದ ಬರುವ ಹೊತ್ತಿಗೆ ಬಾಗಿಲಿಗೆ ಬೀಗ. ದೀಪ ಹಚ್ಚುವ ಹೊತ್ತಿಗೆ ಅಮ್ಮ ಇಲ್ಲ. ಊಟಕ್ಕೆ ಅಮ್ಮ ಇಲ್ಲ. ಮುಚ್ಚಿಟ್ಟ ತಣ್ಣನೆ ಅನ್ನ, ಸ್ಟೋವಿನ ಮೇಲೆ ಬಿಸಿ ಮಾಡಿಕೊಳ್ಳಬೇಕಾದ ಸಾರು. ನಮ್ಮ ಬಾಲ್ಯದ ಸಂಜೆಗಳೆಲ್ಲ ಹಾಗೆಯೇ ಕಳೆದವು. ಅಪ್ಪ ತಮಾಷೆ ಮಾಡುತ್ತಿದ್ದರು: "ಮನೆಗೆ ಮಾರಿ, ಊರಿಗೆ ಉಪಕಾರಿ!" ಅಮ್ಮನೂ ನಗುತ್ತಿದ್ದಳು. ಗಾದೆಗಳಲ್ಲಿ ಒಂದು ಅನುಕೂಲ ಇದೆ ನೋಡಿ, ನಿಜವನ್ನು ತಮಾಷೆಯಲ್ಲೇ ಮುಗಿಸಿಬಿಡಬಹುದು.

1974ರ ನವೆಂಬರಿನ ಒಂದು ದಿನ. ನನಗೆ 16, ತಂಗಿಗೆ 12. ಅವಳಿಗೆ ಮೂರು ದಿನದಿಂದ ಜ್ವರ. ಅಪ್ಪನಿಗೆ ರಾತ್ರಿ ಪಾಳಿ. ಮರುದಿನ ಬೋರ್ಡಿಗೆ ಪರೀಕ್ಷೆಯ ಫಾರಂ ಸಲ್ಲಿಸಲು ಕೊನೆಯ ದಿನ. 41 ಹುಡುಗರ ಫಾರಮ್ಮುಗಳು, ಅರ್ಧಕ್ಕರ್ಧ ಹುಡುಗರ ಸಹಿ, ಫೀಸು ಬಾಕಿ. ಅಮ್ಮ ತಂಗಿಯ ಹಣೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದು ಸೀರೆ ಸರಿಮಾಡಿಕೊಂಡು, "ಒದ್ದೆ ಬಟ್ಟೆ ಬದಲಾಯಿಸ್ತಾ ಇರು, ಬೇಗ ಬರ್ತೇನೆ" ಅಂತ ನನಗೆ ಹೇಳಿ ಹೊರಟಳು.

ಅವತ್ತು ರಾತ್ರಿ ಠಾಣೆಯ ಹತ್ತಿರ ವಯರು ಕಡಿದು ಲೋಕಲುಗಳೆಲ್ಲ ನಿಂತವು. ಅಮ್ಮ ಮನೆ ಮುಟ್ಟಿದಾಗ ಎರಡು ಗಂಟೆ. ತಂಗಿಗೆ ಜ್ವರ ಏರಿ ಏನೇನೋ ಬಡಬಡಿಸುತ್ತಿದ್ದಳು. ಪಕ್ಕದ ಖೋಲಿಯ ಮರಾಠಿ ಮಾವಶಿ ಬಂದು ಕೂತಿರದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಟೈಫಾಯ್ಡ್ ಅಂತ ಆಮೇಲೆ ತಿಳಿಯಿತು. ತಿಂಗಳುಗಟ್ಟಲೆ ಶಾಲೆ ತಪ್ಪಿ, ಆ ವರ್ಷ ಅವಳು ಅದೇ ಕ್ಲಾಸಿನಲ್ಲಿ ಉಳಿದಳು. ಅವಳ ಗೆಳತಿಯರು ಮುಂದೆ ಹೋದರು. ಆ 41 ಹುಡುಗರು ಮಾರ್ಚ್‌ನಲ್ಲಿ ಪರೀಕ್ಷೆಗೆ ಕೂತರು. 23 ಜನ ಪಾಸಾದರು. ಸಭೆಯಲ್ಲಿ 'ಸ್ವಂತ ಮಕ್ಕಳನ್ನೂ ಲೆಕ್ಕಿಸದೆ' ಅಂದರಲ್ಲ, ಅವರು ಆ 23ರಲ್ಲಿ ಒಬ್ಬರು.

ಈಗ ನೀವೇ ಹೇಳಿ. ಬರೀ ಅಂಕಗಣಿತದಲ್ಲಿ ನೋಡಿದರೆ ಅಮ್ಮ ಮಾಡಿದ್ದು ಸರಿ. ಅವಳು ಹೋಗದಿದ್ದರೆ 41 ಹುಡುಗರ ಒಂದೊಂದು ವರ್ಷ ಹೋಗುತ್ತಿತ್ತು. ಅವರಲ್ಲಿ ಎಷ್ಟೋ ಮಂದಿ ಮತ್ತೆ ಪುಸ್ತಕ ಹಿಡಿಯುತ್ತಿರಲಿಲ್ಲ. ಅವಳು ಮನೆಯಲ್ಲೇ ಇದ್ದಿದ್ದರೂ ಟೈಫಾಯ್ಡ್ ಏನು ಬಿಟ್ಟು ಹೋಗುತ್ತಿರಲಿಲ್ಲ, ತಂಗಿಯ ವರ್ಷವೂ ಉಳಿಯುತ್ತಿರಲಿಲ್ಲ. ಹಾಗಾದರೆ ತಂಗಿ ಕಳೆದುಕೊಂಡದ್ದೇನು? ಹಣೆಯ ಮೇಲಿನ ಒಂದು ಕೈ, ಅಷ್ಟೇ. ಆದರೆ ಹನ್ನೆರಡು ವರ್ಷದ ಹುಡುಗಿಗೆ ಜ್ವರದ ರಾತ್ರಿಯಲ್ಲಿ ಅದಕ್ಕಿಂತ ದೊಡ್ಡದು ಏನಿದೆ? ಬೇರೆ ಯಾರ ಕೈಯೂ ಅಲ್ಲಿ ನಡೆಯುವುದಿಲ್ಲ. ಶಾಲೆಗೆ ಇನ್ನೊಬ್ಬ ಗುಮಾಸ್ತೆ ಸಿಗಬಹುದು, ಮಗುವಿಗೆ ಇನ್ನೊಬ್ಬ ತಾಯಿ ಸಿಗುವುದಿಲ್ಲ ಅಂತ ಒಂದು ವಾದ. ಆ ರಾತ್ರಿ ಶಾಲೆಗೂ ಇನ್ನೊಬ್ಬ ಗುಮಾಸ್ತೆ ಇರಲಿಲ್ಲ ಅನ್ನುವುದು ಇನ್ನೊಂದು ವಾದ. ಎರಡೂ ನಿಜ. ಎರಡು ನಿಜಗಳ ನಡುವೆ ಸಿಕ್ಕಿದವರ ಕಷ್ಟ ಅದು.

ಮಾಟುಂಗದಲ್ಲೇ ಒಮ್ಮೆ ಮಳೆಗಾಲದ ಮೇಳದವರ 'ಸತ್ಯ ಹರಿಶ್ಚಂದ್ರ' ನೋಡಿದ್ದೆ. ಹರಿಶ್ಚಂದ್ರ ರಾಜ್ಯ ಬಿಟ್ಟ, ಹೆಂಡತಿಯನ್ನು ಮಾರಿದ, ಮಸಣ ಕಾದ, ಸತ್ಯ ಬಿಡಲಿಲ್ಲ. ನಾವು ಅವನಿಗೆ ಕೈಮುಗಿಯುತ್ತೇವೆ. ಸರಿಯೇ. ಆದರೆ ಪರರ ಮನೆಯ ಚಾಕರಿಗೆ ಹೋಗಿ ಹಾವು ಕಚ್ಚಿಸಿಕೊಂಡವನು ಲೋಹಿತಾಶ್ವ. ಸತ್ಯದ ಪ್ರತಿಜ್ಞೆ ಅವನದ್ದಲ್ಲ. ಕಡೆಗೆ ದೇವರು ಪ್ರತ್ಯಕ್ಷನಾಗಿ ಎಲ್ಲವನ್ನೂ ಮರಳಿ ಕೊಡುತ್ತಾನೆ, ಹುಡುಗ ಎದ್ದು ಕೂರುತ್ತಾನೆ, ಮಂಗಳ ಹಾಡುತ್ತಾರೆ. "ಮಗೂ, ನಿನಗೆ ಏನನ್ನಿಸಿತು?" ಅಂತ ರಂಗದ ಮೇಲೆ ಅವನನ್ನು ಯಾರೂ ಕೇಳಲಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ನಮ್ಮನ್ನೂ ಯಾರೂ ಕೇಳಲಿಲ್ಲ.

*

ಅಮ್ಮ ಹೀಗೇಕೆ ಇದ್ದಳು ಅನ್ನುವುದಕ್ಕೆ ಒಂದು ಸುಳಿವು ಸಿಕ್ಕಿದ್ದು 1982ರಲ್ಲಿ. ಆ ವರ್ಷ ಜನವರಿ 18ಕ್ಕೆ ಮುಂಬಯಿಯ ಬಟ್ಟೆ ಮಿಲ್ಲುಗಳ ಮುಷ್ಕರ ಶುರುವಾಯಿತು. ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಹೊರಗೆ ಬಂದರು. ಅಪ್ಪನ ಮಿಲ್ಲು ಮತ್ತೆ ಬಾಗಿಲು ತೆರೆಯಲೇ ಇಲ್ಲ. ನನ್ನ ಹೊಸ ಸಂಬಳ, ಅಮ್ಮನ ಶಾಲೆಯ ಸಂಬಳ, ಎರಡರಲ್ಲಿ ಮನೆ ನಡೆಯಬೇಕು. ಒಂದು ದಿನ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ, ಹೋಟೆಲಿನಲ್ಲಿ ಗಲ್ಲಾಕ್ಕೆ ಕೂರುವಷ್ಟು ಮೇಲೆ ಬಂದಿದ್ದವನು, ಒಂದು ಮೂಟೆ ಅಕ್ಕಿ ಹೊರಿಸಿಕೊಂಡು ಬಂದ. "ಅಕ್ಕ, ನಿಮ್ಮ ಋಣ ತೀರಿಸಲಿಕ್ಕೆ ಆಗುವುದಿಲ್ಲ, ಇದಾದ್ರೂ ಇರಲಿ" ಅಂದ. ಅಮ್ಮ ಅಕ್ಕಿ ಇಟ್ಟುಕೊಳ್ಳಲಿಲ್ಲ. ಅವನಿಗೆ ಕಾಫಿ ಮಾಡಿ ಕೊಟ್ಟು ಹೇಳಿದಳು: "ನನಗೆ ಯಾಕೆ ತೀರಿಸ್ತೀಯಾ? ನಿನ್ನ ಹೋಟೆಲಲ್ಲಿ ಈಗ ಮೋರಿಗೆ ಎಷ್ಟು ಮಾಣಿಗಳಿದ್ದಾರೆ? ಅವರನ್ನು ಆರು ಗಂಟೆಗೆ ಬಿಡು. ನನ್ನದು ಮುಟ್ಟಿತು ಅಂದುಕೋ."

ಅವನು ಹೋದ ಮೇಲೆ ನನಗೆ ಸಿಟ್ಟು ಬಂತು. ಮನೆಯಲ್ಲಿ ರೇಷನ್ ಅಕ್ಕಿ ಆರಿಸುತ್ತಾ ಕೂತಿದ್ದೇವೆ, ಇವಳದ್ದೊಂದು ಧರ್ಮ! ಅವತ್ತು ಅಮ್ಮ ತನ್ನ ಅಜ್ಜಿಯ ಕತೆ ಹೇಳಿದಳು. ಅಮ್ಮನ ತಾಯಿ ಬೇಗ ತೀರಿಹೋಗಿದ್ದರು, ಸಾಕಿದ್ದು ಅಜ್ಜಿ. ಅಕ್ಷರ ಬಾರದ ಆ ವಿಧವೆ ಮುದುಕಿ ತೆಂಗಿನ ಗರಿ ಸೀಳಿ ಹಿಡಿಸೂಡಿ ಕಟ್ಟಿ ಮಾರಿ, ಹಠ ಹಿಡಿದು, ಮೊಮ್ಮಗಳನ್ನು ಕುಂದಾಪುರದ ಹೈಸ್ಕೂಲಿಗೆ ಕಳಿಸಿದ್ದಳು. ಹೆಣ್ಣು ಮಗುವಿಗೆ ಇಷ್ಟೆಲ್ಲ ಯಾಕೆ ಅಂದವರಿಗೆ "ನನ್ನ ಮೊಮ್ಮಗಳು ಕಾಗದ ಓದಲಿಕ್ಕೆ ಇನ್ನೊಬ್ಬರ ಮನೆಗೆ ಹೋಗುವುದು ಬೇಡ" ಅಂದಿದ್ದಳಂತೆ. 1951ರಲ್ಲಿ ಅಮ್ಮ ಎಸ್ಸೆಸ್ಸೆಲ್ಸಿ ಪಾಸು. 1954ರಲ್ಲಿ ಮದುವೆ, ಬೊಂಬಾಯಿ. 1961ರಲ್ಲಿ ಅಜ್ಜಿ ಹೋದ ಟೆಲಿಗ್ರಾಂ ಬಂತು. ಆಗ ಕೊಂಕಣ ರೈಲು ಎಲ್ಲಿ? ರೈಲು ಬದಲಿಸಿ, ಘಟ್ಟ ಇಳಿಯುವ ಬಸ್ಸು ಹಿಡಿದು ಊರು ಸೇರಬೇಕು. ಮೂರು ವರ್ಷದ ನನ್ನನ್ನು ಕಟ್ಟಿಕೊಂಡು ಹೊರಡುವ ಹಾಗಿರಲಿಲ್ಲ. ಬೂದಿಯೂ ನೋಡಲು ಸಿಗಲಿಲ್ಲ.

"ಅವಳಿಗೆ ನಾನು ಏನು ಕೊಟ್ಟೆ? ಒಂದು ಸೀರೆ ಕೊಡ್ಲಿಕ್ಕೂ ಆಗ್ಲಿಲ್ಲ. ಅವಳಿಗೆ ಕೊಡ್ಬೇಕಾದ್ದನ್ನು ಈ ಮಕ್ಕಳಿಗೆ ಕೊಡ್ತಾ ಇದ್ದೇನೆ" ಅಂದಳು ಅಮ್ಮ.

ಬ್ಯಾಂಕಿನ ಕಾಯಿದೆಯಲ್ಲಿ ಇದು ನಡೆಯುವುದಿಲ್ಲ. ಒಬ್ಬರ ಸಾಲಕ್ಕೆ ಇನ್ನೊಬ್ಬರ ಖಾತೆಗೆ ದುಡ್ಡು ಕಟ್ಟಿದರೆ ಅದು ತಪ್ಪು ಜಮೆ. ಸಾಲ ಹಾಗೇ ಇರುತ್ತದೆ. ಆದರೆ ಋಣದ ಕಾಯಿದೆ ಬೇರೆ ಇದ್ದ ಹಾಗಿದೆ. ಮನುಷ್ಯ ಹುಟ್ಟುವಾಗಲೇ ಋಷಿಋಣ, ದೇವಋಣ, ಪಿತೃಋಣ ಹೊತ್ತು ಬರುತ್ತಾನೆ ಅನ್ನುವ ಮಾತು ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ಇದರಲ್ಲಿ ಒಂದು ವಿಶೇಷ ಗಮನಿಸಿ. ಪಿತೃಋಣ ತೀರುವುದು ತಂದೆಗೆ ಏನೋ ಮರಳಿ ಕೊಡುವುದರಿಂದಲ್ಲ, ಸಂತಾನದಿಂದ. ಋಷಿಋಣ ತೀರುವುದು ಋಷಿಗೆ ದಕ್ಷಿಣೆ ಕೊಡುವುದರಿಂದಲ್ಲ, ವಿದ್ಯೆಯನ್ನು ಉಳಿಸಿಕೊಂಡು ಹೋಗುವುದರಿಂದ. ಅಂದರೆ ಪಡೆದದ್ದು ಹಿಂದಿನವರಿಂದ, ಕೊಡಬೇಕಾದ್ದು ಮುಂದಿನವರಿಗೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇಲ್ಲ. ಕೊಡಬೇಕಾದವರ ಹತ್ತಿರ ನಾವು ಇರಲಿಲ್ಲ, ಇದ್ದಲ್ಲಿ ಯಾರಿಗೋ ಕೊಟ್ಟೆವು.

ಸಮಾಧಾನ ದೊಡ್ಡದು. ಅದಕ್ಕೇ ಸ್ವಲ್ಪ ಅನುಮಾನದಿಂದ ನೋಡಬೇಕು.

*

ಅಮ್ಮ ನಿವೃತ್ತಳಾದದ್ದು 1991ರಲ್ಲಿ. ನನ್ನ ಮಗಳಿಗೆ ಆಗ ಎರಡು ವರ್ಷ, ಮರುವರ್ಷ ಮಗ ಹುಟ್ಟಿದ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಕಾಣದಿದ್ದ ಒಬ್ಬ ಅಮ್ಮ ಆಗ ಕಾಣಿಸಿಕೊಂಡಳು. ಸಂಜೆ ಐದಕ್ಕೆ ಮೊಮ್ಮಕ್ಕಳ ಸ್ಕೂಲ್ ಬಸ್ಸಿಗೆ ಕಾಯುವವಳು. ಬಿಸಿ ಬಿಸಿ ದೋಸೆ ಹಾಕುವವಳು. ದೀಪ ಹಚ್ಚಿ, ಮಕ್ಕಳನ್ನು ಕೂರಿಸಿಕೊಂಡು ಮರಳಿನ ಮೇಲೆ ಬರೆದ ಹಾಗೆ ತಟ್ಟೆಯ ಅಕ್ಕಿಯ ಮೇಲೆ ಕನ್ನಡ ಅಕ್ಷರ ತಿದ್ದಿಸುವವಳು. ಇಂಗ್ಲಿಷ್ ಶಾಲೆಗೆ ಹೋಗುವ, ಗೆಳೆಯರೊಂದಿಗೆ ಹಿಂದಿ ಮರಾಠಿ ಆಡುವ ಮಕ್ಕಳು ಇವತ್ತು ಕನ್ನಡ ಓದುತ್ತಾರೆ ಅಂದರೆ ಅದು ಅವಳದ್ದೇ. 1995ರಿಂದ ಮೂರು ವರ್ಷ ನನಗೆ ನಾಗಪುರಕ್ಕೆ ವರ್ಗವಾಯಿತು. ಹೆಂಡತಿಗೆ ಇಲ್ಲಿ ನೌಕರಿ. ಮನೆಯನ್ನು ಎತ್ತಿ ಹಿಡಿದದ್ದು ಅಮ್ಮ. ಮಗನಿಗೆ ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲಿ ಕೂರುತ್ತಿದ್ದಳಂತೆ. ಹೆಂಡತಿ ಮಲಗಿ ಅಂದರೂ ಏಳುತ್ತಿರಲಿಲ್ಲ.

ನಾನು ಕೃತಜ್ಞ. ಆದರೆ ಒಮ್ಮೆ ರಜೆಯಲ್ಲಿ ಬಂದ ತಂಗಿ, ಅಮ್ಮ ನನ್ನ ಮಗಳಿಗೆ ದೋಸೆ ಹಾಕುವುದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಕಂಡದ್ದು ಸಂತೋಷವೂ ಹೌದು, ಇನ್ನೇನೋ ಹೌದು. ಅಜ್ಜಿಯಿಂದ ಅಮ್ಮನಿಗೆ ಬಂದದ್ದು ಶಾಲೆಯ ಮಾಣಿಗಳಿಗೆ ಹೋಯಿತು, ಮೊಮ್ಮಕ್ಕಳಿಗೆ ಹೋಯಿತು. ನಡುವೆ ನಾವಿಬ್ಬರು ಇದ್ದೆವಲ್ಲ?

ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಆ ಬೇಸಿಗೆಯಲ್ಲೇ ಅಮ್ಮ ಮೊಮ್ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೊರಟಳು, ನಾನೂ ಹೋದೆ. ಅಜ್ಜಿಯ ಮನೆಯಲ್ಲಿ ಅಮ್ಮನ ಚಿಕ್ಕಪ್ಪನ ಮಗಳು, ಅಮ್ಮನಿಗಿಂತ ಎರಡು ವರ್ಷ ದೊಡ್ಡವಳು, ಇದ್ದಳು. ಮೊಮ್ಮಕ್ಕಳಿಗೆ ಹಲಸಿನ ಹಣ್ಣು ಬಿಡಿಸಿ ಕೊಟ್ಟಳು, ಪ್ರೀತಿಯಿಂದಲೇ ಮಾತಾಡಿದಳು. ಅಮ್ಮ ಅಜ್ಜಿಯ ವಿಷಯ ಎತ್ತಿ, ರಾತ್ರಿ ಶಾಲೆಯ ಮಕ್ಕಳ ವಿಷಯವನ್ನೂ ಹೇಳಿದಾಗ ದೊಡ್ಡಮ್ಮ ಸೊಳೆ ಬಿಡಿಸುವ ಕೈ ನಿಲ್ಲಿಸದೆ ಅಂದಳು: "ನೀ ಬೊಂಬಾಯಿಗೆ ಹೋದೆ. ಕಡೇ ಮೂರು ವರ್ಷ ಅಜ್ಜಿಯನ್ನು ಎತ್ತಿ ಇಳಿಸಿದ್ದು ನಾನು." ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಲೆಕ್ಕ ಹೇಳಿದ ಹಾಗಿತ್ತು. ಅಮ್ಮ ಏನೂ ಹೇಳಲಿಲ್ಲ. ಹೊರಡುವಾಗ ಮಾತ್ರ ದೊಡ್ಡಮ್ಮನ ಕಾಲು ಮುಟ್ಟಿದಳು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು.

ಊರಿನಲ್ಲಿರುವ ನಿಮಗೆ ಈ ಮಾತು ನಾನು ಹೇಳದೆಯೂ ಗೊತ್ತಿರಬೇಕು. ಹೊರಗೆ ಹೋದವರು ಮುಂದಿನವರಿಗೆ ಕೊಟ್ಟೆವು ಅಂತ ಸಮಾಧಾನಪಟ್ಟುಕೊಳ್ಳುವಾಗ, ಹಿಂದಿನವರನ್ನು ಎತ್ತಿ ಇಳಿಸಿದವರು ಯಾರೋ ಇರುತ್ತಾರೆ. ನಮ್ಮ ಋಣ ಮುಂದಕ್ಕೆ ಹರಿಯಲು ಸಾಧ್ಯವಾದದ್ದು ಅವರು ಹಿಂದೆ ನಿಂತು ನೋಡಿಕೊಂಡದ್ದರಿಂದ. ನಮ್ಮ ತಣ್ಣನೆ ಅನ್ನದ ಸಂಜೆಗಳಿಗೂ ದೊಡ್ಡಮ್ಮನ ಆ ಮೂರು ವರ್ಷಗಳಿಗೂ ಏನೋ ಸಂಬಂಧವಿದೆ ಅಂತ ನನಗೆ ಆಗ ಅನ್ನಿಸಿತು. ಇಬ್ಬರ ಹೆಸರೂ ಯಾವ ಸನ್ಮಾನಪತ್ರದಲ್ಲೂ ಬರುವುದಿಲ್ಲ.

*

ಬ್ಯಾಂಕಿನಲ್ಲಿ ಜನ ಒಂದೇ ಅಂದುಕೊಳ್ಳುವ ಎರಡು ಶಬ್ದಗಳಿವೆ: ರೈಟ್ ಆಫ್ ಮತ್ತು ಮನ್ನಾ. ವಸೂಲಾಗದ ಸಾಲವನ್ನು ಬ್ಯಾಂಕು ತನ್ನ ಪುಸ್ತಕ ಚೊಕ್ಕಟವಾಗಿ ಕಾಣಲಿ ಅಂತ ತೆಗೆದು ಹಾಕುವುದು ರೈಟ್ ಆಫ್. ಅದರಿಂದ ಸಾಲಗಾರನ ಹೊಣೆ ತಪ್ಪುವುದಿಲ್ಲ. ಪುಸ್ತಕದಲ್ಲಿ ಕಾಣಿಸುವುದಿಲ್ಲ, ಅಷ್ಟೆ. ಮನ್ನಾ ಹಾಗಲ್ಲ. 2008ರಲ್ಲಿ ಕೇಂದ್ರ ಸರಕಾರ ರೈತರ ಸಾಲ ಮನ್ನಾ ಮಾಡಿದಾಗ ನಾನು ವಿದರ್ಭದ ಒಂದು ಹಳ್ಳಿ ಶಾಖೆಯಲ್ಲಿದ್ದೆ. ಸಣ್ಣ ರೈತರ ಪಟ್ಟಿ ಮಾಡಿ ಶಾಖೆಯ ಗೋಡೆಗೆ ಅಂಟಿಸಬೇಕು, ಒಬ್ಬೊಬ್ಬರಿಗೂ ಪ್ರಮಾಣಪತ್ರ ಕೊಡಬೇಕು. ಆ ಪತ್ರದಲ್ಲಿ ಮನ್ನಾ ಆದ ಮೊತ್ತವನ್ನು ಬರೆಯಬೇಕು. ಅಂದರೆ ಮನ್ನಾ ಅನ್ನುವುದು ಸಾಲವನ್ನು ಒಪ್ಪಿಕೊಳ್ಳುವುದರಿಂದಲೇ ಶುರು. ಇಷ್ಟು ಇತ್ತು, ಇಷ್ಟನ್ನೂ ಬಿಟ್ಟಿದ್ದೇವೆ. ಒಬ್ಬ ಮುದುಕ ರೈತ ಆ ಕಾಗದವನ್ನು ಎರಡೆರಡು ಸಲ ಓದಿಸಿಕೊಂಡು, ಮೊತ್ತ ಸರಿಯಾಗಿದೆ ಅಂತ ಖಚಿತಪಡಿಸಿಕೊಂಡು ಹೆಬ್ಬೆಟ್ಟು ಒತ್ತಿದ್ದ.

ನನಗೆ ಈಗ ಅನ್ನ‍ಿಸುವುದು ಇದು. 'ತ್ಯಾಗಮಯಿ', 'ಮನೆಮಕ್ಕಳನ್ನೂ ಲೆಕ್ಕಿಸದೆ' ಇವೆಲ್ಲ ರೈಟ್ ಆಫ್ ಮಾಡುವ ಶಬ್ದಗಳು. ಹೊಗಳುವವರ ಪುಸ್ತಕ ಚೊಕ್ಕಟವಾಗುತ್ತದೆ. ಕೊಟ್ಟವರು ಇದ್ದಾರೆ, ಪಡೆದವರು ಇದ್ದಾರೆ, ಯಾರ ಪಾಲಿನಿಂದ ತೆಗೆದು ಕೊಟ್ಟದ್ದು ಅನ್ನುವ ಸಾಲು ಮಾತ್ರ ಮಾಯ. ಅಮ್ಮನ ಒಳ್ಳೆಯತನ ಅವಳ ಒಬ್ಬಳ ಖರ್ಚಿನಲ್ಲಿ ನಡೆದದ್ದಲ್ಲ. ಅಪ್ಪನ ಖರ್ಚಿತ್ತು, ತಂಗಿಯ ಖರ್ಚಿತ್ತು, ನನ್ನದಿತ್ತು, ಊರಿನ ದೊಡ್ಡಮ್ಮನದ್ದೂ ಇತ್ತು. ಹಾಗೆ ಹೇಳಿದರೆ ಅಮ್ಮ ಸಣ್ಣವಳಾಗುವುದಿಲ್ಲ. ಒಬ್ಬ ಮನುಷ್ಯ ಮಾಡಿದ ಒಳ್ಳೆಯ ಕೆಲಸಕ್ಕೆ ಎಷ್ಟು ಜನ ಬಂಡವಾಳ ಹಾಕಿದ್ದರು ಅಂತ ತಿಳಿಯುತ್ತದೆ, ಅಷ್ಟೆ. ಆ ಬಂಡವಾಳವನ್ನು ಬಿಟ್ಟುಕೊಡುವ ಹಕ್ಕು ಹಾಕಿದವರದ್ದು. ಪಡೆದವರದ್ದಲ್ಲ, ಭಾಷಣ ಮಾಡುವವರದ್ದಂತೂ ಅಲ್ಲವೇ ಅಲ್ಲ.

ಸಭೆ ಮುಗಿದ ಸಂಜೆ ಮನೆಯಲ್ಲಿ ತಂಗಿಗೆ ಇಷ್ಟನ್ನೂ ನನ್ನ ಬ್ಯಾಂಕಿನ ಭಾಷೆಯಲ್ಲೇ ಹೇಳಿದೆ. ಅವಳು ಪುಣೆಯಲ್ಲಿರುವವಳು. ಅಮ್ಮನ ಕೊನೆಯ ಆರು ತಿಂಗಳು ಇಲ್ಲಿಗೇ ಬಂದು ನೋಡಿಕೊಂಡಿದ್ದಳು. ಅಮ್ಮನಿಗೆ ಮರೆವು ಜಾಸ್ತಿಯಾಗಿತ್ತು. ಸಂಜೆಯಾದರೆ "ಮಾಣಿಗಳು ಬಂದ್ರಾ?" ಅಂತ ಎದ್ದು ಚೀಲ ಹುಡುಕುತ್ತಿದ್ದಳು. "ಇವತ್ತು ರಜೆ ಅಮ್ಮ" ಅಂತ ತಂಗಿ ಕೂರಿಸುತ್ತಿದ್ದಳು. ದಿನಾ ಇದೇ. ತಂಗಿ ಆ ಸಂಜೆ ನನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದಳು. ಡಿಸೆಂಬರಿನ ಒಂದು ರಾತ್ರಿ ಅಮ್ಮ ಎದ್ದು ಕೂತು, ಪಕ್ಕದಲ್ಲಿ ಮಲಗಿದ್ದ ತಂಗಿಯ ಹಣೆಯ ಮೇಲೆ ಕೈಯಿಟ್ಟು, "ಜ್ವರ ಬಿಟ್ಟಿತಾ? ನಾನು ಬರುವಾಗ ತಡ ಆಯ್ತು" ಅಂದಳಂತೆ.

ಮರೆವಿನ ಮನಸ್ಸು ಏನನ್ನು ಎಲ್ಲಿಂದ ಎತ್ತಿ ತಂದಿತೋ ಹೇಳಲು ಬರುವುದಿಲ್ಲ. ಅದಕ್ಕೆ ದೊಡ್ಡ ಅರ್ಥ ಕಟ್ಟಬಾರದು ಅಂತ ನನ್ನ ವಿವೇಕ ಹೇಳುತ್ತದೆ. ತಂಗಿಗೆ ಆ ತೊಂದರೆ ಇರಲಿಲ್ಲ. "ಬಿಟ್ಟಿತು ಅಮ್ಮ, ಮಲಗು ಅಂದೆ. ಅವತ್ತೇ ನಾನು ಮನ್ನಾ ಮಾಡಿದೆ ಅಣ್ಣ. ಆದರೆ ಸಾಲವೇ ಇರಲಿಲ್ಲ ಅಂತ ಮಾತ್ರ ಯಾರೂ ಹೇಳಬೇಡಿ."

ತಂಗಿಯ ಮೊದಲ ಪ್ರಶ್ನೆಗೆ ಉತ್ತರ ಅವಳೇ ಕೊಟ್ಟಳು. ಲೆಕ್ಕಿಸದೆ ಕೊಟ್ಟದ್ದು ಹೊಗಳಿಕೆ ಆಗಲಾರದು. ಲೆಕ್ಕ ಗೊತ್ತಿದ್ದೂ, ಅದರ ಭಾರ 48 ವರ್ಷ ಹೊತ್ತುಕೊಂಡೇ ಕೊಟ್ಟಳು ಅಂದರೆ, ಅದು ಹೊಗಳಿಕೆ.

ಇಷ್ಟು ಬರೆದ ಮೇಲೆ ನನ್ನ ಪುಸ್ತಕವನ್ನೂ ಬಿಚ್ಚಬೇಕಾಯಿತು. ನಾಗಪುರದ ಮೂರು ವರ್ಷ, ಆಮೇಲೆ ವಿದರ್ಭದ ಹಳ್ಳಿ, ನಾನು ಕಳೆದುಕೊಂಡ ಮಕ್ಕಳ ಹುಟ್ಟುಹಬ್ಬಗಳು. ಮೊನ್ನೆ ಮಗಳಿಗೆ ಫೋನ್ ಮಾಡಿದಾಗ ಕೇಳಿಯೇಬಿಟ್ಟೆ, ನಾನು ಮನೆಯಲ್ಲಿಲ್ಲದ ಆ ವರ್ಷಗಳು ಹೇಗಿದ್ದವು ಅಂತ. ಅವಳು ನಕ್ಕಳು. "ಏನು ಪಪ್ಪ ಈಗ? ಅಜ್ಜಿ ಇದ್ದಳಲ್ಲ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಆದ್ರೂ ಕೇಳಿದ್ಯಲ್ಲ, ಒಳ್ಳೇದಾಯ್ತು."